ಎರಡೂ ಡೋಸ್ ಆದವರ ಕ್ಯಾಂಪಸ್‌ನಲ್ಲಿ 306 ಪಾಸಿಟಿವ್: ಧಾರವಾಡದ ಒಂದು ಪ್ರಕರಣ

2021ರ ನವೆಂಬರ್ 25, ಗುರುವಾರ. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ 66 ಜನರಿಗೆ ಕೋವಿಡ್ ಎಂಬ ಸುದ್ದಿ ಬಂತು. ಮರುದಿನ ಲೆಕ್ಕ 182ಕ್ಕೆ ಏರಿತು. ಶನಿವಾರ 281 ಆಯಿತು. ಕೊನೆಗೆ 306ರ ಹತ್ತಿರ ಬಂದು ನಿಂತಿತು. ಆ ದಿನಗಳಲ್ಲಿ ಇಡೀ ಕರ್ನಾಟಕದಲ್ಲಿ ದಿನಕ್ಕೆ ಸಿಗುತ್ತಿದ್ದ ಹೊಸ ಪ್ರಕರಣಗಳೇ ಇನ್ನೂರು ಮುನ್ನೂರು. ಹಾಗಿರುವಾಗ ಒಂದೇ ಕ್ಯಾಂಪಸ್‌ನಲ್ಲಿ ಇಷ್ಟು ಜನ.

ಆದರೆ ಜನ ಬೆಚ್ಚಿದ್ದು ಸಂಖ್ಯೆಗಲ್ಲ. ಸೋಂಕು ತಗಲಿದವರಲ್ಲಿ ಬಹುತೇಕ ಎಲ್ಲರೂ ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡವರು. ಅದೂ ನಾಳೆ ಡಾಕ್ಟರಾಗಬೇಕಾದ ಹುಡುಗರು, ಹುಡುಗಿಯರು. 'ಇವರಿಗೇ ಹೀಗಾದ್ರೆ ನಾವು ಲಸಿಕೆ ಹಾಕಿಸಿಕೊಂಡು ಏನು ಬಂತು?' ಎಂದು ಒಂದು ಕಡೆಯವರು ಕೇಳಿದರು. 'ಯಾರಿಗೂ ಏನೂ ಆಗಲಿಲ್ಲವಲ್ಲ, ಲಸಿಕೆ ಗೆದ್ದಿತು' ಎಂದು ಇನ್ನೊಂದು ಕಡೆಯವರು ಹೇಳಿದರು. ಎರಡೂ ಅವಸರದ ಮಾತು ಎಂದೇ ನನಗೆ ಅನಿಸುತ್ತದೆ. ಈ ಪ್ರಕರಣವನ್ನು ನಿಧಾನವಾಗಿ ಬಿಚ್ಚಿ ನೋಡಿದರೆ ಲಸಿಕೆ ಯಾವ ಕೆಲಸ ಮಾಡುತ್ತದೆ, ಕಿಟಕಿ, ಮಾಸ್ಕ್, ಮನೆಯಲ್ಲೇ ಉಳಿಯುವುದು ಯಾವ ಕೆಲಸ ಮಾಡುತ್ತವೆ ಎನ್ನುವುದು ಬೇರೆಬೇರೆಯಾಗಿ ಕಾಣುತ್ತದೆ.

ಎಂಟು ದಿನದ ಕಥೆ

ಎರಡನೇ ಅಲೆಯ ಭೀಕರ ದಿನಗಳು ಮುಗಿದು ಆರು ತಿಂಗಳಾಗಿತ್ತು. ಕಾಲೇಜು, ಹಾಸ್ಟೆಲ್, ಮದುವೆ ಮಂಟಪ ಎಲ್ಲ ತೆರೆದಿದ್ದವು. ಮಾಸ್ಕ್ ಗದ್ದಕ್ಕೆ ಇಳಿದಿತ್ತು. ನವೆಂಬರ್ 17ರಂದು ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕಾರ್ಯಕ್ರಮ ನಡೆಯಿತು. ಸೋಂಕು ಹರಡಿದ್ದು ಅಲ್ಲಿಂದ ಎಂದು ಅಧಿಕಾರಿಗಳು ಅಂದಾಜಿಸಿದರು. ಆಮೇಲೆ ಕೆಲವರಿಗೆ ಕೆಮ್ಮು, ನೆಗಡಿ, ಮೈಕೈ ನೋವು ಕಾಣಿಸಿಕೊಂಡಿತು. ಮೊದಲ ಸುತ್ತಿನಲ್ಲಿ ಸುಮಾರು 300 ಜನರ ಪರೀಕ್ಷೆ ಮಾಡಿದಾಗ 66 ಪಾಸಿಟಿವ್ ಸಿಕ್ಕವು.

ಇಲ್ಲಿ ದಿನಾಂಕಗಳನ್ನು ಗಮನಿಸಿ. 17ರಿಂದ 25ಕ್ಕೆ ಎಂಟು ದಿನ. ಆಗ ರಾಜ್ಯದಲ್ಲಿ ಓಡಾಡುತ್ತಿದ್ದ ಡೆಲ್ಟಾ ತಳಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿ ಅವರಲ್ಲಿ ಕಾಣಿಸಿಕೊಳ್ಳಲು ನಾಲ್ಕೈದು ದಿನ ಸಾಕಾಗುತ್ತಿತ್ತು. ಅಂದರೆ ಪರೀಕ್ಷೆ ಶುರುವಾಗುವ ಹೊತ್ತಿಗೆ ವೈರಸ್ ಒಂದಲ್ಲ, ಎರಡು ಸುತ್ತು ಮುಗಿಸಿರುವ ಸಾಧ್ಯತೆ ಜಾಸ್ತಿ. ಕಾರ್ಯಕ್ರಮದಲ್ಲಿ ತಗುಲಿದ್ದು ಕೆಲವರಿಗೆ. ಅಲ್ಲಿಂದ ಮುಂದೆ ಹಾಸ್ಟೆಲ್ ಕೋಣೆ, ಮೆಸ್, ತರಗತಿ ಉಳಿದ ಕೆಲಸ ಮಾಡಿಕೊಟ್ಟಿರುತ್ತವೆ. ಪತ್ರಿಕೆಗಳ ತಲೆಬರಹಗಳಲ್ಲಿ 'ಪಾರ್ಟಿ' ಎಂಬ ಪದವೇ ಎದ್ದು ಕಂಡಿತು. ಹುಡುಗರ ಮೋಜಿನ ಮೇಲೆ ಗೂಬೆ ಕೂರಿಸುವುದು ಸುಲಭ ನೋಡಿ. ಆದರೆ ಒಂದು ಸಂಜೆಯ ಕಾರ್ಯಕ್ರಮಕ್ಕಿಂತ ಒಂದೇ ಕೋಣೆಯಲ್ಲಿ ಮಲಗುವ ಏಳು ರಾತ್ರಿಗಳು ವೈರಸ್‌ಗೆ ಹೆಚ್ಚು ಅನುಕೂಲ.

ಜಿಲ್ಲಾಡಳಿತ ಆಮೇಲೆ ಮಾಡಿದ ಕೆಲಸ ಚುರುಕಾಗಿತ್ತು. ಹಾಸ್ಟೆಲ್‌ಗಳನ್ನು ಸೀಲ್ ಮಾಡಿದರು. ಲಕ್ಷಣ ಇರಲಿ, ಬಿಡಲಿ, ಕ್ಯಾಂಪಸ್‌ನಲ್ಲಿರುವ ಎಲ್ಲರ ಮೂಗಿನ ದ್ರವ ತೆಗೆದರು. ಸುತ್ತ 500 ಮೀಟರ್ ಒಳಗಿನ ಶಾಲೆ ಕಾಲೇಜುಗಳಿಗೆ ಕೆಲವು ದಿನ ರಜೆ ಕೊಟ್ಟರು. ವೈರಸ್‌ನ ತಳಿ ಯಾವುದೆಂದು ತಿಳಿಯಲು ಮಾದರಿಗಳನ್ನು ಬೆಂಗಳೂರಿಗೆ ಕಳಿಸಿದರು. ಅದಕ್ಕೆ ಕಾರಣವೂ ಇತ್ತು. ಇತ್ತ 182 ಎಂಬ ಸುದ್ದಿ ಬಂದ ನವೆಂಬರ್ 26ರಂದೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಹೊಸ ತಳಿಗೆ ಒಮೈಕ್ರಾನ್ ಎಂದು ಹೆಸರಿಟ್ಟು ಎಚ್ಚರಿಕೆ ಕೊಟ್ಟಿತ್ತು.

ಸೋಂಕಿತರಲ್ಲಿ ಬಹುಪಾಲು ಜನಕ್ಕೆ ಯಾವ ಲಕ್ಷಣವೂ ಇರಲಿಲ್ಲ. ಇದ್ದ ಕೆಲವರಿಗೂ ಸಣ್ಣದಾಗಿತ್ತು.

306 ಎಂಬ ಸಂಖ್ಯೆಯನ್ನು ಓದುವುದು ಹೇಗೆ

ಮೊದಲು ಆ ಕಟುವಾದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಸೋಂಕಾದವರೆಲ್ಲ ಲಸಿಕೆ ಪಡೆದವರೇ ಅಲ್ವಾ, ಹಾಗಾದರೆ ಲಸಿಕೆ ಕೆಲಸ ಮಾಡಲಿಲ್ಲ ಎಂದಲ್ಲವೇ?

ಅಲ್ಲ. ಒಂದು ಊರಿನಲ್ಲಿ ನೂರಕ್ಕೆ ನೂರು ಜನ ಲಸಿಕೆ ಹಾಕಿಸಿಕೊಂಡಿದ್ದಾರೆ ಎಂದುಕೊಳ್ಳಿ. ಅಲ್ಲಿ ಹತ್ತು ಜನಕ್ಕೆ ಜ್ವರ ಬಂದರೆ ಆ ಹತ್ತೂ ಜನ ಲಸಿಕೆ ಪಡೆದವರೇ ಆಗಿರುತ್ತಾರೆ. ಬೇರೆ ಯಾರೂ ಅಲ್ಲಿಲ್ಲವಲ್ಲ! ಲಸಿಕೆ ಇಲ್ಲದಿದ್ದರೆ ಮೂವತ್ತು ಜನಕ್ಕೆ ಬರುತ್ತಿತ್ತೋ ಏನೋ. ಅದನ್ನು ತಿಳಿಯಲು ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು. ಧಾರವಾಡದ ಕ್ಯಾಂಪಸ್‌ನಲ್ಲಿ ಆ ಇನ್ನೊಂದು ಗುಂಪು ಇರಲೇ ಇಲ್ಲ. ಹಾಗಾಗಿ ಈ 306 ಎಂಬ ಲೆಕ್ಕ ಲಸಿಕೆಯ ಪರವಾಗಿಯೂ ಸಾಕ್ಷಿ ಹೇಳಲಾರದು, ವಿರುದ್ಧವಾಗಿಯೂ ಹೇಳಲಾರದು.

ಇನ್ನೊಂದು ವಿಷಯ. ಇಷ್ಟು ದೊಡ್ಡ ಸಂಖ್ಯೆ ಸಿಕ್ಕಿದ್ದು ಎಲ್ಲರನ್ನೂ ಪರೀಕ್ಷಿಸಿದ್ದಕ್ಕೆ. ಮಾಮೂಲಿಯಾಗಿ ನೆಗಡಿ ಬಂದವನು ಮಾತ್ರೆ ನುಂಗಿ ಕ್ಲಾಸಿಗೆ ಹೋಗುತ್ತಾನೆ. ಏನೂ ಆಗದವನಂತೂ ಪರೀಕ್ಷೆಯ ಹತ್ತಿರವೂ ಸುಳಿಯುವುದಿಲ್ಲ. ಆ ತಿಂಗಳು ರಾಜ್ಯದ ಬೇರೆ ಹತ್ತು ಹಾಸ್ಟೆಲ್‌ಗಳಲ್ಲಿ ಇದೇ ರೀತಿ ಎಲ್ಲರ ಮೂಗಿಗೂ ಕಡ್ಡಿ ಹಾಕಿದ್ದರೆ ಏನು ಸಿಗುತ್ತಿತ್ತೋ ಯಾರು ಬಲ್ಲರು. ಹುಡುಕಿದವರಿಗೆ ಸಿಕ್ಕಿತು, ಅದಕ್ಕೇ ಅವರ ಹೆಸರು ಪೇಪರಿನಲ್ಲಿ ಬಂತು. ಇದು ಸ್ವಲ್ಪ ಅನ್ಯಾಯವೇ.

ಹೋಲಿಕೆಗೆ ಬೇಕಾದ ಲೆಕ್ಕ ಇನ್ನೊಂದು ವೈದ್ಯಕೀಯ ಕಾಲೇಜಿನಲ್ಲಿ ಸಿಗುತ್ತದೆ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದೇ 2021ರಲ್ಲಿ, ಎರಡನೇ ಅಲೆ ಏರುತ್ತಿದ್ದಾಗ, ತನ್ನ ಸಿಬ್ಬಂದಿಯ ಲೆಕ್ಕ ಇಟ್ಟಿತ್ತು. ಎರಡೂ ಡೋಸ್ ಆದ 7,080 ಜನರಲ್ಲಿ 679 ಜನಕ್ಕೆ ಸೋಂಕು ತಗಲಿತು. ಅವರಲ್ಲಿ ಆಸ್ಪತ್ರೆಗೆ ದಾಖಲಾದವರು 64. ಆಮ್ಲಜನಕ ಬೇಕಾದದ್ದು ನಾಲ್ವರಿಗೆ. ಐಸಿಯು ಸೇರಿದ್ದು ಇಬ್ಬರು. ಲಸಿಕೆ ಪಡೆಯದ ಸಿಬ್ಬಂದಿಗೆ ಹೋಲಿಸಿದಾಗ, ಎರಡು ಡೋಸ್ ಸೋಂಕನ್ನು 65% ಕಡಿಮೆ ಮಾಡಿತ್ತು. ಆಸ್ಪತ್ರೆ ಸೇರುವುದನ್ನು 77%, ಆಮ್ಲಜನಕದ ಅಗತ್ಯವನ್ನು 92%, ಐಸಿಯು ಸೇರುವುದನ್ನು 94% ಕಡಿಮೆ ಮಾಡಿತ್ತು.

ಈ ನಾಲ್ಕು ಸಂಖ್ಯೆಗಳನ್ನು ಸಾಲಾಗಿ ಓದಿದರೆ ಲಸಿಕೆಯ ಗುಣವೇ ಕಾಣುತ್ತದೆ. ಕಾಯಿಲೆ ಜೋರಾದಷ್ಟೂ ಅದರ ತಡೆ ಗಟ್ಟಿ. ಮೂಗಿನೊಳಗೆ ವೈರಸ್ ನುಗ್ಗುವ ಮೊದಲ ಮೆಟ್ಟಿಲಲ್ಲೇ ಅದು ಸ್ವಲ್ಪ ಸಡಿಲ.

ಯಾಕೆ ಹೀಗೆ? ತೋಳಿಗೆ ಚುಚ್ಚಿದ ಲಸಿಕೆ ಮುಖ್ಯವಾಗಿ ರಕ್ತದಲ್ಲಿ ಪ್ರತಿಕಾಯಗಳನ್ನು, ಅಂದರೆ ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೊಟೀನ್‌ಗಳನ್ನು, ಹುಟ್ಟಿಸುತ್ತದೆ. ಮೂಗು, ಗಂಟಲಿನ ಒದ್ದೆ ಪೊರೆಯಲ್ಲಿ ಅವು ಅಷ್ಟಾಗಿ ಇರುವುದಿಲ್ಲ. ಜೊತೆಗೆ ರಕ್ತದಲ್ಲಿ ಇರುವವು ಕೂಡ ತಿಂಗಳುಗಳು ಕಳೆದಂತೆ ಇಳಿಯುತ್ತವೆ. ಆದರೆ ವೈರಸ್‌ನ ಗುರುತು ಇಟ್ಟುಕೊಂಡ ಜೀವಕೋಶಗಳು ಉಳಿದಿರುತ್ತವೆ. ವೈರಸ್ ಮತ್ತೆ ಬಂದಾಗ ಅವು ಎದ್ದು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳಲು ಕೆಲವು ದಿನ ಬೇಕು. ಅಷ್ಟರಲ್ಲಿ ಮೂಗಿನಲ್ಲಿ ವೈರಸ್ ಬೆಳೆದಿರುತ್ತದೆ, ಪರೀಕ್ಷೆ ಪಾಸಿಟಿವ್ ಬರುತ್ತದೆ, ಪಕ್ಕದವರಿಗೆ ದಾಟುವುದೂ ಆಗಿರುತ್ತದೆ. ಆದರೆ ಅದು ಶ್ವಾಸಕೋಶಕ್ಕೆ ಇಳಿಯುವ ಹೊತ್ತಿಗೆ ದೇಹ ತಯಾರಾಗಿರುತ್ತದೆ. ಧಾರವಾಡದಲ್ಲಿ ಕಂಡ ಚಿತ್ರ ಇದಕ್ಕೆ ಹೊಂದುತ್ತದೆ. ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಊರಿನಲ್ಲೂ ಅದೇ ವರ್ಷದ ಜುಲೈನಲ್ಲಿ ಹೀಗೇ ಆಯಿತು. ರಜೆಯ ಗದ್ದಲದ ನಂತರ 469 ಜನಕ್ಕೆ ಸೋಂಕು, ಅವರಲ್ಲಿ ಮುಕ್ಕಾಲು ಭಾಗ ಪೂರ್ತಿ ಲಸಿಕೆ ಆದವರು. ಆಸ್ಪತ್ರೆ ಸೇರಿದವರು ಐದು ಜನ. ಸಾವು ಇಲ್ಲ.

ಈಗ 'ಲಸಿಕೆ ಗೆದ್ದಿತು' ಎಂದವರ ಕಡೆಗೂ ಒಂದು ಮಾತು. ಧಾರವಾಡದ ಹುಡುಗರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಆ ವಯಸ್ಸಿನಲ್ಲಿ ಲಸಿಕೆ ಇಲ್ಲದಿದ್ದರೂ ಬಹುತೇಕರಿಗೆ ಕೋವಿಡ್ ಸಣ್ಣದಾಗಿಯೇ ಹೋಗುತ್ತಿತ್ತು. ಹಾಗಾಗಿ ಅವರು ಚೆನ್ನಾಗಿದ್ದುದಕ್ಕೆ ಪೂರ್ತಿ ಹೆಸರನ್ನು ಲಸಿಕೆಗೆ ಕೊಡಲಾಗದು. ಈ ಪ್ರಕರಣದಲ್ಲಿ ನಾವು ಕೇಳಬೇಕಾದದ್ದು ಹುಡುಗರಿಗೆ ಏನಾಯಿತು ಎಂದಷ್ಟೇ ಅಲ್ಲ. ಅವರಿಂದ ಮುಂದೆ ಯಾರಿಗೆ ಹೋಗಬಹುದಿತ್ತು ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಎಂಜಿನಿಯರಿಂಗ್ ಕಾಲೇಜಾದರೆ ಹುಡುಗರ ಪಕ್ಕ ಹುಡುಗರೇ ಇರುತ್ತಾರೆ. ವೈದ್ಯಕೀಯ ಕಾಲೇಜಿನಲ್ಲಿ ಹಾಸ್ಟೆಲ್‌ನ ಆಚೆ ಬದಿಗೆ ಆಸ್ಪತ್ರೆ ಇರುತ್ತದೆ. ಅಲ್ಲಿ ಡಯಾಲಿಸಿಸ್‌ಗೆ ಬಂದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೆರಿಗೆಗೆ ಬಂದವರು, ಅವರ ಹಾಸಿಗೆ ಪಕ್ಕ ಚಾಪೆ ಹಾಸಿಕೊಂಡು ಕೂತ ವಯಸ್ಸಾದ ತಾಯಂದಿರು. ಲಸಿಕೆ ಹಾಕಿಸಿಕೊಂಡರೂ ಇವರಲ್ಲಿ ಕೆಲವರ ದೇಹ ಸರಿಯಾದ ರಕ್ಷಣೆ ಕಟ್ಟಿಕೊಳ್ಳುವುದಿಲ್ಲ.

ಅದಕ್ಕೇ ಹಾಸ್ಟೆಲ್ ಸೀಲ್ ಮಾಡಿದ್ದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಒಳ್ಳೆಯ ನಿರ್ಧಾರ. ಗಾಬರಿಯಲ್ಲಿ 'ಎಲ್ಲರೂ ಊರಿಗೆ ಹೋಗಿ' ಎಂದು ಬಾಗಿಲು ಹಾಕಿಬಿಟ್ಟಿದ್ದರೆ? ಮುನ್ನೂರು ಜನ ಬಸ್ಸು, ರೈಲು ಹತ್ತಿ ಮುನ್ನೂರು ಮನೆಗಳಿಗೆ ಹೋಗುತ್ತಿದ್ದರು. ಆ ಮನೆಗಳಲ್ಲಿ ಅಜ್ಜ ಅಜ್ಜಿಯರು ಇರುತ್ತಾರೆ. ಬಾಗಿಲು ಹಾಕುವುದಕ್ಕೂ ಒಳಗೆ ಇಟ್ಟುಕೊಂಡು ನೋಡಿಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಗಾಳಿಯ ಲೆಕ್ಕ

ಲಸಿಕೆ ಮೂಗಿನ ಬಾಗಿಲಲ್ಲಿ ಸಡಿಲ ಎಂದಾದರೆ ಆ ಬಾಗಿಲನ್ನು ಕಾಯುವುದು ಯಾರು? ಇಲ್ಲಿಗೆ ದಿನನಿತ್ಯದ ಮುಂಜಾಗ್ರತೆ ಬರುತ್ತದೆ. ನಾವು ಎಡವಿದ್ದೂ ಇಲ್ಲೇ.

2020ರಲ್ಲಿ ನಮಗೆಲ್ಲ ಮೊದಲು ಕಲಿಸಿದ್ದು ಕೈ ತೊಳೆಯುವುದು, ಮೂರಡಿ ಆರಡಿ ದೂರ ನಿಲ್ಲುವುದು. ತರಕಾರಿಯನ್ನು ಉಪ್ಪುನೀರಿನಲ್ಲಿ ಅದ್ದಿದೆವು. ಹಾಲಿನ ಪ್ಯಾಕೆಟ್ ಒರೆಸಿದೆವು. ಬಾಗಿಲ ಚಿಲಕಕ್ಕೆ ಸ್ಯಾನಿಟೈಸರ್ ಹೊಡೆದೆವು. ಕಿಟಕಿ ಮಾತ್ರ ಹಾಕಿಯೇ ಇತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬ ಜಿಲ್ಲೆಯಲ್ಲಿ ಒಂದು ಗಾಯನ ತಂಡ ಇದೆ. 2020ರ ಮಾರ್ಚ್ 10ರ ಸಂಜೆ ಅವರ ಎರಡೂವರೆ ಗಂಟೆಯ ಅಭ್ಯಾಸ ನಡೆಯಿತು. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು. ಕೈ ಕುಲುಕಲಿಲ್ಲ, ಅಪ್ಪಿಕೊಳ್ಳಲಿಲ್ಲ. ಆದರೂ ಬಂದ 61 ಜನರಲ್ಲಿ 53 ಜನಕ್ಕೆ ಕಾಯಿಲೆ ಬಂತು. ಇಬ್ಬರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಆಗ ಲಸಿಕೆಯೂ ಇರಲಿಲ್ಲ. ಬಂದವರಲ್ಲಿ ಒಬ್ಬರಿಗೆ ಮೊದಲೇ ನೆಗಡಿಯಂಥ ಲಕ್ಷಣ ಇತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಹತ್ತಿರ ಹತ್ತಿರ ಹಾಕಿದ ಕುರ್ಚಿ, ಮುಚ್ಚಿದ ಬಾಗಿಲು, ಗಟ್ಟಿ ದನಿಯಲ್ಲಿ ಹಾಡು. ಕೈಯಿಂದ ಇಷ್ಟು ಹರಡಲು ಸಾಧ್ಯವಿಲ್ಲ. ಹರಡಿದ್ದು ಗಾಳಿಯಲ್ಲಿ. ಉಸಿರು ಗಾಳಿಯ ಪಾತ್ರವನ್ನು ಜಗತ್ತು ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಾದ ಪ್ರಕರಣಗಳಲ್ಲಿ ಇದೂ ಒಂದು.

ಮುಚ್ಚಿದ ಕೋಣೆಯ ಮೂಲೆಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಸ್ವಲ್ಪ ಹೊತ್ತಿಗೆ ಆಚೆ ಮೂಲೆಯಲ್ಲೂ ಪರಿಮಳ. ಮಾತಾಡಿದಾಗ, ನಕ್ಕಾಗ, ಹಾಡಿದಾಗ ಬಾಯಿಯಿಂದ ಹೊರಡುವ ಸಣ್ಣ ಸಣ್ಣ ಹನಿಗಳೂ ಹಾಗೇ ತೇಲುತ್ತವೆ. ದೊಡ್ಡ ಹನಿ ಹತ್ತಿರದಲ್ಲೇ ನೆಲಕ್ಕೆ ಬೀಳುತ್ತದೆ, ಸಣ್ಣದು ಗಾಳಿಯಲ್ಲೇ ಉಳಿಯುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಇದನ್ನೇ ಸರಳವಾಗಿ ಹೇಳಿತ್ತು. ದೊಡ್ಡ ಹನಿಗಳು ಎರಡು ಮೀಟರ್ ಒಳಗೆ ಬೀಳುತ್ತವೆ, ಸಣ್ಣವು ಹತ್ತು ಮೀಟರ್‌ವರೆಗೂ ಹೋಗಬಹುದು, ಹಾಗಾಗಿ ಕಿಟಕಿ ಬಾಗಿಲು ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಎಂದು. ಧಾರವಾಡದ ಕಾರ್ಯಕ್ರಮಕ್ಕೆ ಆರು ತಿಂಗಳು ಮುಂಚೆಯೇ ಬಂದ ಸಲಹೆ ಅದು. ಎಷ್ಟು ಹಾಸ್ಟೆಲ್, ಎಷ್ಟು ಸಭಾಂಗಣ, ಎಷ್ಟು ಕಲ್ಯಾಣ ಮಂಟಪಗಳು ಆಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಜಾಸ್ತಿ ಹಾಕಿಸಿದವು? ಹಣೆಗೆ ಗನ್ ಹಿಡಿದು ಜ್ವರ ನೋಡುವುದು ಮಾತ್ರ ಎಲ್ಲ ಕಡೆ ಇತ್ತು. ಲಕ್ಷಣವೇ ಇಲ್ಲದ ಸೋಂಕನ್ನು ಆ ಗನ್ ಹೇಗೆ ಹಿಡಿದೀತು?

ನಮ್ಮ ಕಡೆ ಕಿಟಕಿ ಹಾಕಲು ಸಕಾರಣವೂ ಇದೆ, ಸುಮ್ನೆ ಅಲ್ಲ. ಸಂಜೆಯಾದರೆ ಸೊಳ್ಳೆ. ನವೆಂಬರ್‌ನಲ್ಲಿ ಧಾರವಾಡದ ಕಡೆ ರಾತ್ರಿ ಚಳಿ. 'ಕಿಟಕಿ ತೆರೆಯಿರಿ' ಎಂದು ಪೋಸ್ಟರ್ ಅಂಟಿಸಿದರೆ ಯಾರೂ ತೆರೆಯುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸಿದರೆ ತೆರೆಯುತ್ತಾರೆ. ಎದುರುಬದುರು ಎರಡು ಕಡೆ ಒಂದೊಂದು ಗೇಣು ತೆರೆದರೂ ಗಾಳಿ ಹಾಯುತ್ತದೆ. ಒಂದೇ ಕಡೆ ಅಗಲಕ್ಕೆ ತೆರೆಯುವುದಕ್ಕಿಂತ ಅದು ಮೇಲು. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನು ತಿರುಗಿಸುತ್ತದೆ, ಹೊರಗೆ ಕಳಿಸುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯೂ ಅಷ್ಟೇ, ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಎಸಿ ಹಾಕಿದ ಹಾಲ್‌ನಲ್ಲಿ 'ತಣ್ಣಗಿದೆ, ಗಾಳಿ ಚೆನ್ನಾಗಿದೆ' ಅನಿಸುವುದು ಬರೀ ಭ್ರಮೆ.

ಮಾಸ್ಕ್ ವಿಷಯದಲ್ಲೂ ಇದೇ ಲೆಕ್ಕ. ಬಟ್ಟೆ ಮಾಸ್ಕ್ ದೊಡ್ಡ ಹನಿಗೆ ಪರವಾಗಿಲ್ಲ, ಸಣ್ಣದಕ್ಕೆ ಕಡಿಮೆ. ಎನ್95 ಸಣ್ಣದನ್ನೂ ತಡೆಯುತ್ತದೆ, ಆದರೆ ಮುಖಕ್ಕೆ ಅಂಟಿ ಕೂತರೆ ಮಾತ್ರ. ಮೂಗಿನ ಪಕ್ಕದ ಸಂದಿನಿಂದ ಗಾಳಿ ಆಡಿದರೆ ದುಡ್ಡು ದಂಡ. ಇಡೀ ದಿನ, ಎಲ್ಲ ಕಡೆ ಹಾಕಿಕೊಂಡು ಓಡಾಡಿ ಎಂದು ಈಗ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಮಗೆ ನೆಗಡಿ ಕೆಮ್ಮು ಇದ್ದು ಹೊರಗೆ ಹೋಗಲೇಬೇಕಾದಾಗ ಹಾಕಿಕೊಳ್ಳಬೇಕು. ಆಸ್ಪತ್ರೆಯ ಓಪಿಡಿಯಲ್ಲಿ ಸಾಲಿನಲ್ಲಿ ಕೂರುವಾಗ ಹಾಕಿಕೊಳ್ಳಬೇಕು. ಕಾಯಿಲೆಯವರ ಹತ್ತಿರ ಕೂತು ನೋಡಿಕೊಳ್ಳುವಾಗ ಹಾಕಿಕೊಳ್ಳಬೇಕು. ಈ ಮೂರು ಕಡೆ ತಪ್ಪದೆ ಹಾಕಿದರೆ ಸಾಕಷ್ಟು ಲಾಭ ಇದೆ.

ಕೈ ತೊಳೆಯುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಕೋವಿಡ್‌ನಲ್ಲಿ ಕೈಯ ಪಾತ್ರ ಕಡಿಮೆ. ಆದರೆ ಮಕ್ಕಳಿಗೆ ಬರುವ ಆರ್‌ಎಸ್‌ವಿ, ಸಾಮಾನ್ಯ ನೆಗಡಿಯ ವೈರಸ್‌ಗಳು ಕೈ, ಆಟಿಕೆ, ಮೇಜಿನ ಮೂಲಕವೂ ದಾಟುತ್ತವೆ. ಕೂಸಿರುವ ಮನೆಯಲ್ಲಿ ಸೋಪಿನ ಖರ್ಚು ನೋಡಬಾರದು. ಇನ್ನು ಕಷಾಯ. ಗಂಟಲಿಗೆ ಹಿತ, ಕುಡಿಯಿರಿ. ಆದರೆ ಕಷಾಯ ಕುಡಿದಿದ್ದೇನೆ, ನನಗೇನಾಗಲ್ಲ ಎಂದು ಕೆಮ್ಮುತ್ತಾ ಮದುವೆಗೆ ಹೋಗಬೇಡಿ. ಮಕ್ಕಳಿಗೆ ಬಿಸಿನೀರಿನ ಪಾತ್ರೆ ಇಟ್ಟು ಹಬೆ ಕೊಡಲು ಹೋಗಿ ಸುಟ್ಟುಕೊಂಡ ಪ್ರಕರಣಗಳನ್ನು ಡಾಕ್ಟರುಗಳು ಎಷ್ಟೋ ನೋಡಿದ್ದಾರೆ. ಅದನ್ನಂತೂ ಬಿಟ್ಟುಬಿಡಿ.

ಈ ಸಣ್ಣಪುಟ್ಟ ಮುಂಜಾಗ್ರತೆಗೆ ಅಷ್ಟು ಶಕ್ತಿ ಇದೆಯಾ ಎಂದು ಕೇಳುವವರಿಗೆ ಒಂದು ಸಂಗತಿ. ಫ್ಲೂ ವೈರಸ್‌ನಲ್ಲಿ 'ಬಿ ಯಮಗಾಟ' ಎಂಬ ಒಂದು ವಂಶ ಇತ್ತು. 2020ರಲ್ಲಿ ಇಡೀ ಜಗತ್ತು ಮಾಸ್ಕ್ ಹಾಕಿ, ಮನೆಯಲ್ಲಿ ಕೂತು, ಓಡಾಟ ನಿಲ್ಲಿಸಿದಾಗ ಅದಕ್ಕೆ ದಾಟಲು ಜನ ಸಿಗಲಿಲ್ಲ. 2020ರ ಮಾರ್ಚ್ ನಂತರ ಅದು ಹರಡುತ್ತಿರುವುದು ಖಚಿತವಾಗಿ ಎಲ್ಲೂ ಕಂಡಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಯಲ್ಲಿ ಇನ್ನು ಅದರ ಭಾಗ ಬೇಕಿಲ್ಲ ಎಂದಿತು. ಅದಕ್ಕೇ ನಾಲ್ಕು ತಳಿಯ ಫ್ಲೂ ಲಸಿಕೆಯ ಜಾಗಕ್ಕೆ ಈಗ ಮತ್ತೆ ಮೂರು ತಳಿಯದು ಬರುತ್ತಿದೆ. ಯಾರೂ ಅದನ್ನು ಗುರಿಯಿಟ್ಟು ಹೊಡೆದಿದ್ದಲ್ಲ. ಕೋವಿಡ್‌ಗೆಂದು ಮಾಡಿದ ಕೆಲಸಕ್ಕೆ ಅದು ಬಲಿಯಾಯಿತು.

ಧಾರವಾಡದ ನಂತರ

ಭಯಪಟ್ಟಿದ್ದ ಒಮೈಕ್ರಾನ್ ಸತ್ತೂರಿಗೆ ಬರುವ ಬದಲು ಬೆಂಗಳೂರಿನಲ್ಲಿ ಕಾಣಿಸಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣಗಳು ಅಲ್ಲಿ ಎಂದು ಘೋಷಣೆಯಾಯಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ಎಲ್ಲಿಗೂ ಹೋಗದ, ಎರಡೂ ಡೋಸ್ ಆದ 46 ವರ್ಷದ ವೈದ್ಯರು. ಕೆಲವೇ ವಾರಗಳಲ್ಲಿ ಧಾರವಾಡದಲ್ಲಿ ನಡೆದದ್ದು ಇಡೀ ರಾಜ್ಯದಲ್ಲಿ ನಡೆಯಿತು. 2022ರ ಜನವರಿ 10ರಿಂದ ಆರೋಗ್ಯ ಸಿಬ್ಬಂದಿಗೆ, 60 ದಾಟಿ ಬೇರೆ ಕಾಯಿಲೆ ಇದ್ದವರಿಗೆ ಮೂರನೇ ಡೋಸ್ ಶುರುವಾಯಿತು. ಅದಕ್ಕೆ 'ಮುನ್ನೆಚ್ಚರಿಕೆ ಡೋಸ್' ಎಂದರು.

ಎರಡು ದಿನಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. 2021ರ ಮೇ 5ರಂದು ಕರ್ನಾಟಕದಲ್ಲಿ 50,112 ಹೊಸ ಪ್ರಕರಣ, 346 ಸಾವು. 2022ರ ಜನವರಿ 23ರಂದು 50,210 ಹೊಸ ಪ್ರಕರಣ, 19 ಸಾವು. ಸೋಂಕಿನ ಲೆಕ್ಕ ಹೆಚ್ಚುಕಡಿಮೆ ಅದೇ, ಸಾವಿನದು ಎಲ್ಲಿಂದೆಲ್ಲಿಗೋ ಇಳಿದಿದೆ. ಒಮೈಕ್ರಾನ್ ಸ್ವಭಾವದಲ್ಲೇ ಸ್ವಲ್ಪ ಸೌಮ್ಯ, ಅದೂ ಒಂದು ಕಾರಣ. ಎರಡನೇ ಅಲೆಯಲ್ಲಿ ಎಷ್ಟೋ ಜನಕ್ಕೆ ಮೊದಲೇ ಸೋಂಕಾಗಿತ್ತು, ಅದೂ ಒಂದು. ಆದರೆ ಅದಷ್ಟೇ ಅಲ್ಲ. 2022ರ ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ಒಮೈಕ್ರಾನ್ ಹಾಂಗ್‌ಕಾಂಗ್‌ಗೆ ನುಗ್ಗಿದಾಗ ಲಸಿಕೆ ಹಾಕಿಸಿಕೊಳ್ಳದ ವೃದ್ಧರು ಸಾವಿರಗಟ್ಟಲೆ ಸತ್ತರು. ಅಲ್ಲಿ ಎಳೆಯರಿಗೆ ಲಸಿಕೆ ಆಗಿತ್ತು, ಆಗಬೇಕಾದ ವಯಸ್ಸಾದವರಿಗೇ ಆಗಿರಲಿಲ್ಲ.

ನಮ್ಮ ಮನೆಗಳಲ್ಲೂ ಈಗ ಅದೇ ಉಲ್ಟಾ ಲೆಕ್ಕ ನಡೆಯುತ್ತಿದೆ ಎಂಬುದು ನನ್ನ ತಕರಾರು. ಮಗುವಿಗೆ ಕಾರ್ಡ್ ನೋಡಿಕೊಂಡು ಎಲ್ಲ ಲಸಿಕೆ ಹಾಕಿಸುತ್ತೇವೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಫ್ಲೂ ಲಸಿಕೆ ಕೊಡಿಸುವುದು ನೆನಪೇ ಆಗುವುದಿಲ್ಲ. ಫ್ಲೂ ಲಸಿಕೆ ಸರ್ಕಾರದ ಮಾಮೂಲಿ ಲಸಿಕೆ ಪಟ್ಟಿಯಲ್ಲಿ ಇಲ್ಲದ್ದರಿಂದ ಆಶಾ ಕಾರ್ಯಕರ್ತೆ ಬಂದು ನೆನಪಿಸುವುದೂ ಇಲ್ಲ. ದುಡ್ಡು ಕೊಟ್ಟು ಹಾಕಿಸಬೇಕು, ಅದೂ ವರ್ಷಕ್ಕೊಮ್ಮೆ. ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಅದಕ್ಕೆ ತಕ್ಕಂತೆ ಲಸಿಕೆಯೂ ಬದಲಾಗುತ್ತದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡಾಗ ರಾಜ್ಯದಲ್ಲಿ ಕೆಲವು ದಿನ ಗದ್ದಲವಾಯಿತು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇತ್ತು. ಗದ್ದಲ ಇಳಿಯಿತು, ಮುಂದಿನ ಮಳೆಗಾಲ ಬಂತು, ನಾವು ಮರೆತೆವು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ ಕೆಮ್ಮು ತರುವ ವೈರಸ್ ಸಿಕ್ಕಾಗಲೂ ಹೀಗೇ. ಅದು ಹೊಸ ವೈರಸ್ ಅಲ್ಲ, 2001ರಲ್ಲೇ ಗುರುತಿಸಿದ್ದು. ಅದಕ್ಕೆ ಲಸಿಕೆ ಇಲ್ಲ. ಇಂಥ ಕಡೆ ಕಿಟಕಿ, ಮಾಸ್ಕ್, ಸೋಪು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಧಾರವಾಡದ ಹುಡುಗನೊಬ್ಬ ಈ ವರ್ಷ ರಜೆಗೆ ಮನೆಗೆ ಬರುತ್ತಿದ್ದಾನೆ, ಬರುವಾಗಲೇ ಗಂಟಲು ಕೆರೆತ ಎಂದುಕೊಳ್ಳಿ. ಮನೆಯಲ್ಲಿ ಆಸ್ತಮಾ ಇರುವ ಅಜ್ಜಿ ಇದ್ದಾರೆ. ಏನು ಮಾಡಬಹುದು? ಅವನನ್ನು ಕಿಟಕಿ ಇರುವ ಬೇರೆ ಕೋಣೆಯಲ್ಲಿ ಮಲಗಿಸಬಹುದು. ನಾಲ್ಕೈದು ದಿನ ಅಜ್ಜಿಯ ಜೊತೆ ಕೂತು ಊಟ ಮಾಡುವುದು ಬೇಡ, ಹರಟೆ ಹೊಡೆಯುವುದಾದರೆ ಜಗುಲಿಯಲ್ಲಿ ಮಾಸ್ಕ್ ಹಾಕಿಕೊಂಡು. ಎರಡು ಕೋಣೆಯ ಮನೆಯಾದರೆ ಹಜಾರದ ಕಿಟಕಿ ಹಗಲೆಲ್ಲ ತೆರೆದಿರಲಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಅಷ್ಟಾದರೂ ಅಜ್ಜಿಗೆ ಜ್ವರ ಬಂದರೆ 'ವಾತಾವರಣ ಬದಲಾಗಿದೆ, ಹೋಗುತ್ತೆ ಬಿಡು' ಎಂದು ವಾರ ಕಾಯಬಾರದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಡಾಕ್ಟರ್ ನೋಡಿ ಬರೆದುಕೊಡಬೇಕು. ಮೆಡಿಕಲ್ ಶಾಪಿನಿಂದ ತಂದು ನುಂಗುವ ಆಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡುವುದಿಲ್ಲ. ಉಸಿರಾಟ ಜೋರಾದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ ಮನೆಯಲ್ಲಿ ಇಟ್ಟುಕೊಳ್ಳದೆ ಹೊರಡಬೇಕು.

ಅಜ್ಜಿಯ ಲಸಿಕೆಗಳ ಬಗ್ಗೆ ಡಾಕ್ಟರ ಬಳಿ ಒಮ್ಮೆ ಪ್ರತ್ಯೇಕವಾಗಿ ಕೂತು ಮಾತಾಡುವುದು ಒಳ್ಳೆಯದು. ಫ್ಲೂ ಜೊತೆಗೆ ನ್ಯುಮೊಕಾಕಲ್ ಲಸಿಕೆಯನ್ನೂ ಕೇಳಿ. ಅದು ಬ್ಯಾಕ್ಟೀರಿಯಾಕ್ಕೆ ಕೊಡುವುದು, ಆದರೆ ವೈರಸ್‌ನಿಂದ ಸೋತ ಶ್ವಾಸಕೋಶಕ್ಕೆ ಬೆನ್ನಲ್ಲೇ ನುಗ್ಗುವುದು ಈ ಬ್ಯಾಕ್ಟೀರಿಯಾವೇ. ಫ್ಲೂ ಲಸಿಕೆಗೆ ಸಮಯ ನೋಡಿಕೊಳ್ಳಬೇಕು. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್, ಮೇನಲ್ಲಿ, ಮುಂಗಾರು ಬರುವ ಮುಂಚೆ ಹಾಕಿಸುವುದು ಅನುಕೂಲ. ಆಗ ತಪ್ಪಿದರೆ ಮುಂದಿನ ವರ್ಷಕ್ಕೆ ಕಾಯಬೇಕಿಲ್ಲ, ಚಳಿಗಾಲದ ಮೊದಲಾದರೂ ಹಾಕಿಸಬಹುದು. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಮೈ ಬಿಸಿಯಾಗುತ್ತದೆ. ಹಾಕಿಸಿದ ಚೀಟಿಯನ್ನು ಬಿಸಾಡದೆ ಅಜ್ಜಿಯ ಮಾತ್ರೆ ಡಬ್ಬಿಯಲ್ಲೇ ಇಟ್ಟರೆ ಮುಂದಿನ ಏಪ್ರಿಲ್‌ಗೆ ಹುಡುಕಾಟ ತಪ್ಪುತ್ತದೆ.